ಮುಕ್ಕಾಂ ಯಾವ ಕಡೆ?

ವಿಜಯಪುರ ನೋಡಲು ಬರುವವರು ನನ್ನನ್ನು ಮೊದಲು ಕೇಳುವುದು ಗೋಳಗುಮ್ಮಟದ ವಿಚಾರವಲ್ಲ, ಎಲ್ಲಿ ಉಳಿಯಬೇಕು ಅನ್ನುವುದು. ಸ್ಟೇಷನ್ ರೋಡಿನಲ್ಲೋ, ಗಾಂಧಿ ಚೌಕದ ಸುತ್ತಲೋ, ಊರ ಹೊರಗೆ ಹೊಸದಾಗಿ ಎದ್ದಿರುವ ಹೋಟೆಲುಗಳಲ್ಲೋ? ಮೊಬೈಲಿನಲ್ಲಿ ಕೋಣೆಯ ಫೋಟೊ, ದರ, ಬಿಸಿನೀರು ಬಿಡುವ ವೇಳೆ ಎಲ್ಲವನ್ನೂ ನೋಡಿದ ಮೇಲೂ ಅವರಿಗೆ ಒಂದು ಅನುಮಾನ ಉಳಿದಿರುತ್ತದೆ. ಒಂದೇ ದಿನಕ್ಕೆ ಬರುವವರಾದರೆ ಸ್ಟೇಷನ್ ಕಡೆಯೇ ಇರಿ ಅನ್ನುತ್ತೇನೆ. ಎರಡು ರಾತ್ರಿ ಇರುವ ಮನಸ್ಸಿದ್ದರೆ ಅಥಣಿ ರಸ್ತೆಯ ಕಡೆ ಬನ್ನಿ ಅನ್ನುತ್ತೇನೆ. ಗೋಳಗುಮ್ಮಟ ಇರುವುದು ಊರಿನ ಪೂರ್ವಕ್ಕೆ, ಅಥಣಿ ರಸ್ತೆ ಹೊರಡುವುದು ಪಶ್ಚಿಮಕ್ಕೆ. ಹಾಗಾಗಿ ನನ್ನ ಮಾತು ಹಲವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಯಾವ ಕಡೆ ಮಲಗಿ ಏಳುತ್ತೀರೋ ಆ ಕಡೆಯ ಊರೇ ನಿಮಗೆ ಸಿಗುವುದು. ಪೂರ್ವದಲ್ಲಿ ಮುಕ್ಕಾಂ ಮಾಡಿದವರಿಗೆ ಒಂದು ಗುಮ್ಮಟದ ಊರು ಸಿಗುತ್ತದೆ. ಪಶ್ಚಿಮದಲ್ಲಿ ಇದ್ದವರಿಗೆ ಆ ಊರು ಬದುಕಿದ್ದು ಹೇಗೆ, ಅದಕ್ಕೆ ನೀರು ಬಂದದ್ದು ಎಲ್ಲಿಂದ ಅನ್ನುವುದೂ ಕಾಣುತ್ತದೆ.

ನಾನು ತಿಕೋಟಾದ ಆಚೆಯ ಹಳ್ಳಿಯವನು. ಎಪ್ಪತ್ತರ ದಶಕದ ಕೊನೆಗೆ ಓದಲು ಬಂದಾಗ ಊರಿನ ಹೆಸರು ಬಿಜಾಪುರ; ವಿಜಯಪುರ ಎಂದು ಸರಕಾರಿ ಫಲಕಗಳ ಮೇಲೆ ಬಂದದ್ದು 2014ರ ನವೆಂಬರಿನಲ್ಲಿ. ಆಗ ಎಲ್ಲಿ ಉಳಿಯಬೇಕು ಅನ್ನುವ ಪ್ರಶ್ನೆಯೇ ನಮ್ಮ ಕಡೆಯವರಿಗೆ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು "ಮುಕ್ಕಾಂ ಎಲ್ಲಿರಿ?" ಅಂದರೆ ಊರಲ್ಲಿ ನಿಮಗೆ ಯಾರಿದ್ದಾರೆ ಎಂದು ಕೇಳಿದಂತೆ. ಸೋದರಮಾವನೋ ಬೀಗರೋ ಇದ್ದರೆ ಅವರ ಮನೆ. ಇಲ್ಲದಿದ್ದರೆ ಮಠ. ಅದೂ ಇಲ್ಲದಿದ್ದರೆ ಕೆಲಸ ಮುಗಿಸಿ ಸಂಜೆಯ ವಸ್ತಿ ಬಸ್ಸಿಗೆ ಹತ್ತಿ ಹಳ್ಳಿಗೆ ವಾಪಸು. ರಾತ್ರಿ ನಮ್ಮೂರಲ್ಲಿ ನಿಂತು ಬೆಳಗ್ಗೆ ಊರಿಗೆ ಹೊರಡುವ ಆ ಬಸ್ಸೇ ಅನೇಕರನ್ನು ಲಾಡ್ಜಿನ ಖರ್ಚಿನಿಂದ ಉಳಿಸಿತು.

ನಮ್ಮ ಮಾವನ ಮನೆ ಶಹಾಪುರ ಅಗಸಿಯ ಆಸುಪಾಸಿನಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ, ಮುಂದೆ ಸಣ್ಣ ಪಡಸಾಲಿ. ಬೇಸಿಗೆಯಲ್ಲಿ ಗಂಡಸರು ಮಾಳಿಗೆ ಮೇಲೆ, ಹೆಂಗಸರು ಒಳಗೆ ಸೆಕೆಯಲ್ಲಿ ಮಲಗುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೇ ನಳದ ಮುಂದೆ ಕೊಡಗಳ ಸಾಲು ನಿಲ್ಲುತ್ತಿತ್ತು. ನಳ ಬಾರದ ದಿನ ಸಾಲು ಬಾವಡಿಯ ಕಡೆ ತಿರುಗುತ್ತಿತ್ತು. ಹಳ್ಳಿಯಿಂದ ಯಾರಾದರೂ ದವಾಖಾನೆಗೋ ಕೋರ್ಟಿಗೋ ಬಂದು ನಿಂತರೆ ಅತ್ತೆಗೆ ಎರಡು ಕೊಡ ಹೆಚ್ಚು ನೀರು ತರುವ ಕೆಲಸ. ನೆಂಟರು ಬಂದರೆಂದು ಆಕೆ ಮುಖ ಗಂಟಿಕ್ಕಿದ್ದನ್ನು ನಾನು ನೋಡಿಲ್ಲ. ಆದರೆ ಆಕೆಯ ಸೊಂಟ ನಲವತ್ತಕ್ಕೇ ಬಗ್ಗಿತ್ತು. ಆ ಕಾಲದ ಆತಿಥ್ಯವನ್ನು ಹೊಗಳುವವರು ಆ ಕೊಡಗಳನ್ನು ಹೊತ್ತವರು ಯಾರೆಂದು ಕೇಳಬೇಕು.

ಸುಗ್ಗಿಯಲ್ಲಿ ಬಬಲೇಶ್ವರ, ತಿಕೋಟಾ ಕಡೆಯ ಚಕ್ಕಡಿಗಳು ಬಿಸಿಲು ತಪ್ಪಿಸಲು ರಾತ್ರಿಯೇ ಹೊರಟು ಬೆಳಗಿನ ಜಾವಕ್ಕೆ ಊರು ಮುಟ್ಟುತ್ತಿದ್ದವು. ಜೋಳ, ಕುಸುಬಿ, ಕಡಲೆ. ಮಾಲು ತೂಗಿ ಹಣ ಕೈಗೆ ಬರಲು ಒಂದೆರಡು ದಿನ ಹಿಡಿದರೆ ರೈತರು ಅಡತಿ ಅಂಗಡಿಯ ಚೀಲಗಳ ಮೇಲೆಯೇ ಮಲಗುತ್ತಿದ್ದರು. ಅಡತಿ ಸಾಹುಕಾರ ಚಹಾ ಕೊಡುತ್ತಿದ್ದ, ಊಟಕ್ಕೆ ಖಾನಾವಳಿಯ ಚೀಟಿ ಕೊಡುತ್ತಿದ್ದ, ಲೆಕ್ಕದಲ್ಲಿ ಅದನ್ನೂ ಹಿಡಿಯುತ್ತಿದ್ದ. ನಮ್ಮ ಅಪ್ಪ ಹೀಗೆ ಎಷ್ಟು ರಾತ್ರಿ ಕಳೆದರೂ ಗೋಳಗುಮ್ಮಟದ ಮೇಲೆ ಹತ್ತಿದವನಲ್ಲ. ಊರು ನೋಡಲು ಬರುವುದು ಬೇರೆ, ಊರಿಗೆ ಬರುವುದು ಬೇರೆ ಆಗಿತ್ತು.

ನೋಡಲು ಬರುವವರು ರೈಲಿನಲ್ಲಿ ಬರುತ್ತಿದ್ದರು. ಮೀಟರ್ ಗೇಜ್ ಗಾಡಿ ಅವರನ್ನು ಗುಮ್ಮಟದ ಹತ್ತಿರವೇ ಇಳಿಸುತ್ತಿತ್ತು. ಸ್ಟೇಷನ್ ಹೊರಗೆ ಟಾಂಗಾಗಳು, ಅವುಗಳ ಹಿಂದೆ ಲಾಡ್ಜುಗಳು. ತಿಗಣೆ, ಗೋಡೆಯ ಸುಣ್ಣ ಬೆನ್ನಿಗೆ ಹತ್ತುವ ಮಂಚ, ಒಂದು ಬಕೆಟ್ ನೀರು. ಆದರೂ ಆ ಲಾಡ್ಜುಗಳ ಬಗ್ಗೆ ನನಗೆ ಗೌರವವಿದೆ. ನನ್ನ ಜೊತೆ ಓದುತ್ತಿದ್ದ ದಲಿತ ಗೆಳೆಯನೊಬ್ಬನ ತಂದೆ ಮಗನನ್ನು ನೋಡಲು ಬಂದಾಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ರಾತ್ರಿ ಕಳೆದು ಹೋಗುತ್ತಿದ್ದರು. ಊರಲ್ಲಿ ಅವರ ನೆಂಟರಿರಲಿಲ್ಲ. ಬೇರೆಯವರ ಪಡಸಾಲಿ ಅವರಿಗೆ ತೆರೆಯುತ್ತಿರಲಿಲ್ಲ, ನಮ್ಮ ಮಾವನದೂ ಸೇರಿ. ಅವರಿಗೆ ಮೊದಲು ಮಂಚ ಕೊಟ್ಟದ್ದು ಸ್ಟೇಷನ್ ಕಡೆಯ ಒಂದು ಲಾಡ್ಜು. ಅದು ಮನೆತನ ಕೇಳಲಿಲ್ಲ, ಬಾಡಿಗೆ ಕೇಳಿತು. ನೆಂಟರ ಮನೆಯ ಮುಕ್ಕಾಂ ಹೋಯಿತಲ್ಲ ಎಂದು ಕೊರಗುವ ನೆನಪುಗಳನ್ನು ಓದುವಾಗ ನನಗೆ ಆ ಬೆಂಚೇ ಕಣ್ಣ ಮುಂದೆ ಬರುತ್ತದೆ.

ಪೂರ್ವದಲ್ಲಿ ಉಳಿಯುವ ರೂಢಿಯನ್ನು ಮಾಡಿದ್ದು ರೈಲು. ಗದಗ–ಹೋಟಗಿ ಹಳಿ 1884ರಲ್ಲಿ ಇಲ್ಲಿಗೆ ಬಂತು. ಮರುವರ್ಷ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದವು. ಬ್ರಿಟಿಷ್ ಅಧಿಕಾರಿಗಳು ಹೊಸ ಕಟ್ಟಡ ಕಟ್ಟುವ ಬದಲು ಆದಿಲಶಾಹಿ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಗೋಳಗುಮ್ಮಟದ ಪಶ್ಚಿಮಕ್ಕೆ ಅದೇ ಅಂಗಳದಲ್ಲಿ ಒಂದು ಮಸೀದಿ ಇದೆಯಲ್ಲ, ಒಂದು ಕಾಲಕ್ಕೆ ಅದೇ ಪ್ರವಾಸಿ ಬಂಗಲೆ! ದೊರೆಗಳು ಅಲ್ಲಿ ಮಂಚ ಹಾಕಿಸಿ ಮಲಗಿ, ಬೆಳಗ್ಗೆ ಎದ್ದು ಎದುರಿಗೇ ಗುಮ್ಮಟ ನೋಡುತ್ತಿದ್ದರು. ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದಾಗ ಸ್ಮಾರಕಗಳೊಳಗಿನ ಇಂಥ ಬಿಡಾರಗಳನ್ನು ತೆರವು ಮಾಡಿಸುವ ಕೆಲಸಕ್ಕೆ ಬಲ ಬಂತು. 1904ರಲ್ಲಿ ಸ್ಮಾರಕ ರಕ್ಷಣೆಯ ಕಾಯಿದೆ ಬಂತು. ಬಂಗಲೆ ಹೋದರೂ ರೂಢಿ ಉಳಿಯಿತು: ರೈಲು ಇಳಿ, ಗುಮ್ಮಟ ನೋಡು, ಅಲ್ಲೇ ಉಳಿ.

ರೈಲಿಗಿಂತ ಮುಂಚೆ ಊರಿನ ಮುಖ ಬೇರೆ ಕಡೆಗಿತ್ತು. ಕೊಂಕಣದ ಬಂದರುಗಳಿಂದ, ಗೋವಾದಿಂದ ಬರುವ ದಾರಿ ಪಶ್ಚಿಮದಿಂದಲೇ ಬರಬೇಕು. ಸುತ್ತಳತೆಯಲ್ಲಿ ಹತ್ತು ಕಿಲೋಮೀಟರಿನಷ್ಟಿರುವ ಕೋಟೆಗೆ ಆ ಕಡೆ ಮಕ್ಕಾ ದರವಾಜಾ, ವಾಯವ್ಯಕ್ಕೆ ಶಹಾಪುರ ಅಗಸಿ. ಅತಿ ದೊಡ್ಡ ತೋಪು ಮಲಿಕ್-ಎ-ಮೈದಾನ, ಎತ್ತರದ ಉಪಲಿ ಬುರುಜು ಎರಡೂ ಪಶ್ಚಿಮದಲ್ಲಿವೆ.

ಅತಿಥಿಗೆ ಎಲ್ಲಿ ಜಾಗ ಕೊಡಬೇಕು ಅನ್ನುವ ಚಿಂತೆ ಆದಿಲಶಾಹಿಗಳಿಗೂ ಇತ್ತು. 1604ರ ಸುಮಾರಿಗೆ ಅಕ್ಬರನ ಕಡೆಯಿಂದ ಅಸದ್ ಬೇಗ್ ಎಂಬ ರಾಯಭಾರಿ ಬಂದಿದ್ದ. ಇಬ್ರಾಹಿಂ ಆದಿಲಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮದುವೆಯ ವಿಷಯ. ಅವನು ಬರೆದಿಟ್ಟ ವಿವರದಲ್ಲಿ ತನ್ನ ಬಿಡಾರದ ವರ್ಣನೆಗೆ ದೊಡ್ಡ ಜಾಗವಿದೆ: ಗಾಳಿ ಆಡುವ ಬಯಲು, ಎರಡೆರಡು ಅಂಗಳದ ಮನೆಗಳು, ಪಕ್ಕದಲ್ಲೇ ಮೂವತ್ತು ಗಜ ಅಗಲದ, ಎರಡು ಕೋಸು ಉದ್ದದ ಪೇಟೆ, ಪ್ರತಿ ಅಂಗಡಿಯ ಮುಂದೆ ಒಂದು ಮರ. ಇದೇ ಊರಿನಲ್ಲಿ ಅವನು ತಂಬಾಕು ಕಂಡು, ಕೊಂಡುಹೋಗಿ ಅಕ್ಬರನಿಗೆ ತೋರಿಸಿದ. ಗಾಳಿ, ನೆರಳು, ಪೇಟೆಗೆ ನಡೆದು ಹೋಗುವಷ್ಟು ಹತ್ತಿರ. ಇವತ್ತು ಕೋಣೆ ಹುಡುಕುವವರೂ ಕೇಳುವುದು ಇವನ್ನೇ.

ಅದೇ ಇಬ್ರಾಹಿಂ ತನಗಾಗಿ ಇರುವ ಜಾಗ ಆರಿಸಿಕೊಂಡದ್ದು ಎಲ್ಲಿ? ತೊರವಿಯ ಕಡೆ. 1599ರಲ್ಲಿ ಅಲ್ಲಿ ನವರಸಪುರ ಎಂಬ ಹೊಸ ಊರು ಕಟ್ಟಿಸಲು ಶುರು ಮಾಡಿದ. ಸಂಗೀತವನ್ನು ಉಸಿರು ಮಾಡಿಕೊಂಡಿದ್ದ ದೊರೆ. ಸಂಗೀತ ಮಹಲಿನ ದೊಡ್ಡ ಕಮಾನು ಇನ್ನೂ ನಿಂತಿದೆ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ನವರಸಪುರವನ್ನು ಲೂಟಿ ಮಾಡಿದ. ಕಟ್ಟುತ್ತಿದ್ದ ಊರು ಅಲ್ಲಿಗೆ ನಿಂತಿತು. ಇಬ್ರಾಹಿಂ ತೀರಿಕೊಂಡದ್ದು 1627ರಲ್ಲಿ. ಮಲಗಿದ್ದೂ ಪಶ್ಚಿಮದಲ್ಲೇ, ಮಕ್ಕಾ ದರವಾಜಾದ ಆಚೆ ಕೋಟೆಯ ಹೊರಗಿನ ಇಬ್ರಾಹಿಂ ರೋಜಾದಲ್ಲಿ. ತೊರವಿ ಅವನಿಗಿಂತ ಮೊದಲೇ ಹೆಸರಾದ ಊರು. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಅಂಕಿತ ಇಲ್ಲಿನ ನರಸಿಂಹನೇ. ಆ ದೇವರ ಗುಡಿ ಈಗಲೂ ನೆಲಮಟ್ಟಕ್ಕಿಂತ ಕೆಳಗಿದೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ದೊರೆ ಪಶ್ಚಿಮಕ್ಕೆ ಹೋದದ್ದಕ್ಕೆ ಕಾರಣ ಹುಡುಕಿದರೆ ನೀರು ಸಿಗುತ್ತದೆ. ತೊರವಿಯ ಕಡೆ ನೆಲ ಎತ್ತರ. ಅಲ್ಲಿನ ಸೆಲೆಯ ನೀರನ್ನು ನೆಲದಡಿಯ ಸುರಂಗದಲ್ಲಿ ಸಣ್ಣ ಇಳಿಜಾರು ಕೊಟ್ಟು ಹರಿಯಬಿಟ್ಟರೆ ಯಾವ ರಾಟೆಯೂ ಇಲ್ಲದೆ ಕೋಟೆಯವರೆಗೆ ಬರುತ್ತದೆ. ಇರಾನಿನಲ್ಲಿ ಕನಾತ್, ಇಲ್ಲಿ ಕರೇಜ್. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿಂದ ಬಾವಿಯಂಥ ಗಂಡಿ ತೋಡಿರುತ್ತಾರೆ. ತೋಡುವಾಗ ಮಣ್ಣು ತೆಗೆಯಲು, ಆಮೇಲೆ ಗಾಳಿ ಬೆಳಕಿಗೆ, ಹೂಳು ತೆಗೆಯಲು ಇಳಿಯಲು. ಊರೊಳಗೆ ಬಂದ ನೀರು ಗಂಜ್ ಎನ್ನುವ ಕಲ್ಲಿನ ಗೋಪುರಗಳನ್ನು ಏರಿ ಒತ್ತಡ ಇಳಿಸಿಕೊಂಡು ಮಣ್ಣಿನ ಕೊಳವೆಗಳಲ್ಲಿ ಹೌದುಗಳಿಗೆ, ಕಾರಂಜಿಗಳಿಗೆ ಹೋಗುತ್ತಿತ್ತು. ಜೊತೆಗೆ ಬಾವಡಿಗಳು: ಶಹಾಪುರ ಅಗಸಿಯ ಹತ್ತಿರ 1579ರ ಚಾಂದ ಬಾವಡಿ, ಮಕ್ಕಾ ದರವಾಜಾದ ಒಳಗೆ 1620ರ ತಾಜ ಬಾವಡಿ. ಅಥಣಿ ರಸ್ತೆಯ ಕಡೆ ಇರುವ ಸುರಂಗ ಬಾವಡಿಯಲ್ಲಿ ಇಳಿದರೆ ಆ ಸುರಂಗದ ಬಾಯಿಯೇ ಕಾಣುತ್ತದೆ. 2019ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ತನ್ನ 2020ರ ಗಮನಪಟ್ಟಿಗೆ ಈ ಬಾವಡಿಯ ಹೆಸರು ಸೇರಿಸಿತು.

ನಾವು ಹುಡುಗರಾಗಿದ್ದಾಗ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಸುಳ್ಳು. ರೈತರಿಗೆ ಆ ಗಂಡಿಗಳು ಗೊತ್ತಿದ್ದವು. "ದನ ಆ ಕಡಿ ಬಿಡಬ್ಯಾಡ್ರೋ, ಗಂಡ್ಯಾಗ ಬಿದ್ದಾವು" ಎಂದು ಕೂಗುತ್ತಿದ್ದರು. ಅದು ಊರಿಗೆ ನೀರು ಕೊಟ್ಟ ದಾರಿ ಅನ್ನುವ ಮಾತು ಮಾತ್ರ ಬಾಯಿಂದ ಬಾಯಿಗೆ ಬರುತ್ತ ನಡುವೆ ಎಲ್ಲೋ ಕಡಿದಿತ್ತು. 72ರ ಬರದಲ್ಲಿ ನಮ್ಮ ಊರಿನವರು ಕಾಮಗಾರಿಗೆ ಹೋಗಿ ಕಲ್ಲು ಒಡೆದರು. ನೀರು ಹರಿದ ಸುರಂಗಗಳ ಮೇಲೆಯೇ ನಡೆದು ಬಾಯಾರಿ ಹೋದರು. ಅಥಣಿ ರಸ್ತೆ ಅಂದರೆ ಆಗ ಬಿಸಿಲು, ಕರಿ ಮಣ್ಣು, ಜಾಲಿ. ತೊರವಿ ದಾಟಿದರೆ ಜಾಲಗೇರಿ, ತಿಕೋಟಾ, ಹೊನವಾಡ, ತೆಲಸಂಗ. ನಡುವೆ ರಾತ್ರಿ ಉಳಿಯಲು ಗುಡಿಯ ಕಟ್ಟೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆ ರಸ್ತೆಯಲ್ಲಿ ಹಣ ಕೊಟ್ಟು ಮಲಗುವವರು ಬಂದಾರು ಎಂದು ಯಾರಾದರೂ ಹೇಳಿದ್ದರೆ ನಮ್ಮ ಅಪ್ಪ ನಂಬುತ್ತಿರಲಿಲ್ಲ.

ಬಂದರು. ಅದಕ್ಕೆ ಕಾರಣ ಒಂದಲ್ಲ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು. ಈಗ ಅಕ್ಕಮಹಾದೇವಿಯ ಹೆಸರಿನ ಅದರ ಆವರಣ ತೊರವಿಯಲ್ಲಿದೆ. ಮಗಳನ್ನು ಸೇರಿಸಲು ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬರುವ ತಾಯಿ, ಸಂದರ್ಶನಕ್ಕೆ ಒಬ್ಬಳೇ ಬರುವ ಉಪನ್ಯಾಸಕಿ, ಇವರಿಗೆಲ್ಲ ಒಂದು ರಾತ್ರಿಯ ಜಾಗ ಬೇಕಾಯಿತು. ಹೆಣ್ಣುಮಗಳೊಬ್ಬಳು ತನ್ನ ಹೆಸರಿನಲ್ಲಿ ಕೋಣೆ ಹಿಡಿಯುವುದು ನಮ್ಮ ಊರಿನಲ್ಲಿ ಸಹಜವಾದದ್ದರಲ್ಲಿ ಈ ರಸ್ತೆಯ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ನಮ್ಮ ಅತ್ತೆ ಇಡೀ ಜೀವನದಲ್ಲಿ ಬೀಗಿಯರ ಮನೆ ಬಿಟ್ಟು ಇನ್ನೆಲ್ಲೂ ರಾತ್ರಿ ಕಳೆದವಳಲ್ಲ.

ಎರಡನೆಯದು ಕಾನೂನು. 2010ರ ತಿದ್ದುಪಡಿಯ ನಂತರ ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರ ಆಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ವಿಜಯಪುರದ ಕೋಟೆಯೊಳಗೆ ಒಂದು ಸ್ಮಾರಕದ ಗೆರೆ ಮುಗಿಯುವಷ್ಟರಲ್ಲಿ ಇನ್ನೊಂದರದ್ದು ಶುರು. ದೊಡ್ಡ ಹೋಟೆಲು ಕಟ್ಟುವವನು ಹೊರಗೆ ಹೋಗಲೇಬೇಕು. ಮೂರನೆಯದು ದ್ರಾಕ್ಷಿ. ತಿಕೋಟಾ, ಬಬಲೇಶ್ವರದ ಒಣ ನೆಲಕ್ಕೆ ಮೊದಲು ಬೋರು, ಟ್ಯಾಂಕರು, ಆಮೇಲೆ ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿಯ ಕೃಷ್ಣಾ ನೀರು. ಮಣೂಕದ, ಅಂದರೆ ಒಣದ್ರಾಕ್ಷಿಯ, ಹಣ ಕೈಗೆ ಬಂದವರು ಮಕ್ಕಳನ್ನು ಓದಿಸಲು ಊರಿಗೆ ಬಂದರು. ಬಂದವರು ಸಹಜವಾಗಿ ತಮ್ಮ ಊರಿನ ದಾರಿಯ ಮೇಲೆಯೇ ಮನೆ ಕಟ್ಟಿದರು. ಲೇಔಟು ಬಂತು, ಕಲ್ಯಾಣ ಮಂಟಪ ಬಂತು, ಅದರ ಹಿಂದೆ ಕೋಣೆಗಳು ಬಂದವು.

ಈ ಕಡೆ ಉಳಿದರೆ ಏನೇನು ಸಹಿಸಬೇಕು ಅನ್ನುವುದನ್ನೂ ಹೇಳುತ್ತೇನೆ. ಕಬ್ಬು ನುರಿಸುವ ದಿನಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಹಾಡು ಹಚ್ಚಿಕೊಂಡು ಹೋಗುತ್ತವೆ. ರಸ್ತೆಗೆ ಮುಖ ಮಾಡಿದ ಕೋಣೆ ಬೇಡವೇ ಬೇಡ. ಮಾರ್ಚಿನ ನಂತರ ಕೆಲವು ಬಡಾವಣೆಗಳಿಗೆ ಟ್ಯಾಂಕರ್ ನೀರೇ ಗತಿ. ರಾತ್ರಿ ಒಂಬತ್ತರ ಮೇಲೆ ಗಾಂಧಿ ಚೌಕದಿಂದ ಆಟೊ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಮೊದಲೇ ಮಾತಾಡಬೇಕು. ಒಂದು ರಾತ್ರಿಗೆ ಕೋಣೆ ಕೊಡುವವರು ಆಧಾರ್ ಕಾರ್ಡು ಮಾತ್ರ ನೋಡುತ್ತಾರೆ. ತಿಂಗಳ ಬಾಡಿಗೆಗೆ ಮನೆ ಕೇಳಿದರೆ ಇದೇ ರಸ್ತೆಯಲ್ಲಿ "ನೀವು ಯಾವ ಪೈಕಿರಿ?" ಎಂದು ಇನ್ನೂ ಕೇಳುತ್ತಾರೆ. ಗೆಳೆಯನ ತಂದೆಯನ್ನು ಬೆಂಚಿನ ಮೇಲೆ ಮಲಗಿಸಿದ ಪ್ರಶ್ನೆ ಇದೇ.

ಸ್ಟೇಷನ್ ಕಡೆಯವರ ವಾದದಲ್ಲಿ ಒಂದು ಮಾತು ಗಟ್ಟಿಯಾಗಿದೆ. ಗೋಳಗುಮ್ಮಟವನ್ನು ಬಾಗಿಲು ತೆರೆದ ಕೂಡಲೇ ನೋಡಬೇಕು. 1656ರಲ್ಲಿ ಮುಹಮ್ಮದ್ ಆದಿಲಶಾಹ ತೀರಿಕೊಂಡಾಗ ಕೆಲಸ ನಿಂತ ಆ ಕಟ್ಟಡದ ಮೇಲಿನ ಗ್ಯಾಲರಿಯಲ್ಲಿ ಎದುರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಈ ಕಡೆ ಕಿವಿಗೆ ಬೀಳಬೇಕಾದರೆ ಅಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಇರಬಾರದು. ಡಿಸೆಂಬರ್, ಜನವರಿಯಲ್ಲಿ ಎಂಟು ಗಂಟೆಗೆಲ್ಲ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಮಕ್ಕಳು ಕೂಗುವುದು ತಪ್ಪಲ್ಲ, ಅವರು ಬಂದದ್ದೇ ಅದಕ್ಕೆ. ಬೆಳಗ್ಗೆ ಆರಕ್ಕೆ ನಡೆದೇ ಹೋಗುವಷ್ಟು ಹತ್ತಿರ ಇರುವವರಿಗೆ ಮಾತ್ರ ಆ ಮೌನ ಸಿಗುತ್ತದೆ. ಒಂದೇ ದಿನದವರನ್ನು ನಾನು ಸ್ಟೇಷನ್ ಕಡೆ ಕಳಿಸುವುದು ಅದಕ್ಕೇ.

ಮೊಣಕಾಲು ನೋವಿರುವ ಹಿರಿಯರನ್ನು ಕರೆತರುವವರಿಗೆ ಎರಡೂ ಕಡೆ ಹೇಳುವುದಿಲ್ಲ. ಅವರಿಗೆ ನಡುವಿನ ಒಳಕೋಟೆ ಅರಕಿಲ್ಲಾ ಒಳ್ಳೆಯದು. ಪ್ರವಾಸೋದ್ಯಮ ನಿಗಮದ ಮಯೂರ ಆದಿಲಶಾಹಿ ಆನಂದ ಮಹಲ್ ರಸ್ತೆಯಲ್ಲಿದೆ. ಗಗನ ಮಹಲು, ಬಾರಾ ಕಮಾನ ಎರಡಕ್ಕೂ ನಿಧಾನವಾಗಿ ನಡೆದು ಹೋಗಬಹುದು, ದಣಿದರೆ ಮರದ ಕೆಳಗೆ ಕೂರಬಹುದು. ಊಟಕ್ಕೆ ಗಾಂಧಿ ಚೌಕದ ಕಡೆಯ ಖಾನಾವಳಿಗಳು ಹತ್ತಿರ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು.

ಹಂಪಿಗೆ ಹೋಗಿ ಬಂದವರು ಅಲ್ಲಿಯ ಹಾಗೆ ಇಲ್ಲೂ ಸ್ಮಾರಕಗಳ ನಡುವೆಯೇ ಉಳಿಯಲು ಮನೆಗಳಿವೆಯೇ ಎಂದು ಕೇಳುತ್ತಾರೆ. ಹಂಪಿಯಲ್ಲಿ ಆ ಮನೆಗಳ ಕಥೆ ನೋವಿನದು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ನದಿಯಾಚೆ ವಿರುಪಾಪುರ ಗಡ್ಡೆಯ ವಸತಿಗೃಹಗಳನ್ನು ಕೆಡವಿದರು. ಕಲ್ಲು ಉಳಿಯಿತು, ಅದರ ಮಗ್ಗುಲಲ್ಲಿ ಒಲೆ ಹಚ್ಚುತ್ತಿದ್ದವರು ದೂರ ಹೋದರು. ವಿಜಯಪುರದ ಕೋಟೆಯೊಳಗೆ ಜನ ಇನ್ನೂ ಇದ್ದಾರೆ. ಬಟ್ಟೆ ಒಣಗುವ ಹಗ್ಗದ ಒಂದು ತುದಿ ಹಳೆಯ ಕಮಾನಿಗೆ ಕಟ್ಟಿರುತ್ತದೆ. ಅಲ್ಲಿ ಹೋಟೆಲು ಬೇಡ, ಮನೆಗಳು ಇರಲಿ ಅನ್ನುವುದು ನನ್ನ ಪಕ್ಷ. ಬಂದವರು ಹೊರಗೆ ಮಲಗಲಿ, ಹಗಲು ಒಳಗೆ ನಡೆದಾಡಲಿ.

ಪಶ್ಚಿಮದಲ್ಲಿ ಮುಕ್ಕಾಂ ಮಾಡಿದವರು ಬೆಳಗ್ಗೆ ಇಬ್ರಾಹಿಂ ರೋಜಾದಿಂದ ಶುರು ಮಾಡಲಿ. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಿಟಕಿಗಳಿವೆ ಅಲ್ಲಿ. ಒಳಗೆ ನಿಂತರೆ ಬೆಳಕು ಅಕ್ಷರಗಳ ಸಂದಿಯಿಂದ ಬರುತ್ತದೆ. ಅಲ್ಲಿಂದ ಕೋಟೆಯೊಳಗೆ ತಾಜ ಬಾವಡಿ, ಜೋಡ ಗುಮ್ಮಟ, ತೋಪು, ಉಪಲಿ ಬುರುಜು. ಬುರುಜಿನ ಸುತ್ತುವ ಮೆಟ್ಟಿಲು ಹತ್ತಿ ಪಶ್ಚಿಮಕ್ಕೆ ತಿರುಗಿದರೆ ತೊರವಿಯ ಕಡೆ ನೆಲ ಏರುವುದು ಕಾಣುತ್ತದೆ. ಮಧ್ಯಾಹ್ನ ತೊರವಿ, ಸಂಗೀತ ಮಹಲು. ಅಫಜಲಪುರ ಟಕ್ಕೆಯಲ್ಲಿ ಹೊಲಗಳ ನಡುವೆ ಸಾಠ ಕಬರ ಇದೆ. 1659ರಲ್ಲಿ ಶಿವಾಜಿಯ ಮೇಲೆ ಹೋಗುವ ಮುನ್ನ ಅಫಜಲಖಾನ ತನ್ನ ಹೆಂಡಂದಿರನ್ನು ಕೊಲ್ಲಿಸಿದ ಎಂದು ಜನ ಹೇಳುವ ಜಾಗ. ಕಥೆ ಹೇಗೇ ಇರಲಿ, ಒಂದೇ ಅಳತೆಯ ಆ ಗೋರಿಗಳ ಸಾಲಿನ ಮುಂದೆ ಹೆಂಗಸರು ಬಹಳ ಹೊತ್ತು ನಿಲ್ಲುತ್ತಾರೆ. ನನ್ನ ಹೆಂಡತಿ ಅಲ್ಲಿಗೆ ಎರಡನೆಯ ಸಲ ಬರಲು ಒಪ್ಪಲಿಲ್ಲ.

ಫೆಬ್ರುವರಿಯಿಂದ ಏಪ್ರಿಲ್ ನಡುವೆ ಬಂದವರು ಎರಡನೆಯ ದಿನ ತಿಕೋಟಾದ ಕಡೆ ಹೋಗಬೇಕು. ರಸ್ತೆಯ ಎರಡೂ ಮಗ್ಗುಲು ಮಣೂಕ ಶೆಡ್ಡುಗಳು. ದ್ರಾಕ್ಷಿಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಕಾಯಿಯ ಮೇಲಿನ ಮೇಣ ಕರಗಿ ನೀರು ಬೇಗ ಆರುತ್ತದೆ. ಎರಡು ವಾರ ಕಳೆದರೆ ಮಣೂಕ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಸಿಕ್ಕರೆ ಪುಣ್ಯ. ಅಕಾಲಿಕ ಮಳೆ ಬಿದ್ದರೆ ಅದೂ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ಕೇಳಿದರೆ ಎಲ್ಲವನ್ನೂ ತೋರಿಸುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಬಂದವರಿಗೆ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆ ತೊರವಿಯ ಬಳಿಯೇ ಸಿಗುತ್ತದೆ. ಆ ದಿನಗಳಲ್ಲಿ ಕೋಣೆ ಮಾ‌ತ್ರ ಮೊದಲೇ ಹಿಡಿಯಬೇಕು.

ಅಥಣಿ, ಮೀರಜ್ ಕಡೆಯಿಂದ ಬಸ್ಸಿಗೆ ಬರುವವರು ಸೆಂಟ್ರಲ್ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಆಟೊದಲ್ಲಿ ತಿರುಗಿ ಬರುವ ಅಗತ್ಯವಿಲ್ಲ. ಬಸ್ಸು ಬರುವುದು ಇದೇ ರಸ್ತೆಯಲ್ಲಿ. ಕಂಡಕ್ಟರಿಗೆ ಮೊದಲೇ ಹೇಳಿದರೆ ದಾರಿಯಲ್ಲೇ ಇಳಿಸುತ್ತಾನೆ.

ಲೇಔಟುಗಳು ಈಗ ಕರೇಜಿನ ದಾರಿಯ ಮೇಲೆ ಬರುತ್ತಿವೆ. ನಾನು ನೋಡಿದ ಒಂದು ಗಂಡಿಗೆ ಕಟ್ಟಡದ ರಾಡಿ ಸುರಿದು ಅರ್ಧ ಮುಚ್ಚಿದ್ದರು. ಆ ಹೊಲದ ಮಾಲೀಕ ನನಗೆ ಗೊತ್ತಿರುವವನೇ. "ಕಾಕಾ, ಗುಂಟೆಗೆ ಏನ್ ರೇಟ್ ಐತಿ ಗೊತ್ತೈತೇನು? ಈ ತೂತು ಸಲುವಾಗಿ ಎರಡು ಪ್ಲಾಟ್ ಬಿಡ್ಲ್ಯಾ?" ಅಂದ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ. ಅವನಿಗೂ ಮದುವೆಗೆ ಬಂದ ಮಗಳಿದ್ದಾಳೆ. ಅದೇ ಹೊಲದಾಚೆ ಅವನ ತಮ್ಮ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದಾನೆ. ಉಳಿಯಲು ಬಂದವರನ್ನು ಅವನು ಬೆಳಗ್ಗೆ ಚಹಾ ಕೊಟ್ಟು ಇನ್ನೂ ಬಾಯಿ ತೆರೆದಿರುವ ಒಂದು ಗಂಡಿಯ ಹತ್ತಿರ ಕರೆದೊಯ್ಯುತ್ತಾನೆ. ಹೋದ ಚಳಿಗಾಲ ಅದರ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿ ಮೇಲೆ ಜಾಳಿಗೆ ಹಾಕಿಸಿದ. ಅತಿಥಿಗಳು ಹೆಚ್ಚಾದರೆ ಅಣ್ಣನ ಲೆಕ್ಕವೂ ಬದಲಾದೀತು ಎಂದು ನನಗೆ ಆಸೆ ಇದೆ. ಮುಕ್ಕಾಂ ಎಲ್ಲಿ ಎಂದು ಕೇಳಿದವರಿಗೆ ನಾನು ಪಶ್ಚಿಮದ ಹೆಸರು ಹೇಳುವುದಕ್ಕೆ ಇದೂ ಒಂದು ಕಾರಣ. ಅಣ್ಣ ಪ್ಲಾಟಿನ ಕಲ್ಲು ನೆಡುವುದಕ್ಕೆ ಇನ್ನೊಂದು ಸುಗ್ಗಿ ಕಾಯುತ್ತೇನೆ ಅಂದಿದ್ದಾನೆ.